ಚೆಂಬಿನ ಮುಂದೆ ಒಂದು ವರ್ಷ

ಒಬ್ಬರು ಚಿತ್ರಕಲಾ ಕಾಲೇಜಿನಲ್ಲಿ ಬಹುಕಾಲ ಮೊದಲ ವರ್ಷಕ್ಕೆ ಪಾಠ ಮಾಡಿ ನಿವೃತ್ತರಾದವರು. ಇನ್ನೊಬ್ಬಾಕೆ ಅವರ ಹಳೆಯ ವಿದ್ಯಾರ್ಥಿನಿ, ಸಾಗರದ ಕಡೆಯವರು; ಈಗ ಅದೇ ಮೊದಲ ವರ್ಷಕ್ಕೆ ಪಾಠ ಹೇಳಲು ಹೊರಟಿದ್ದಾರೆ.

ಆಕೆ: ಸರ್, ಸೋಮವಾರದಿಂದ ನನಗೆ ಮೊದಲ ವರ್ಷದ ಕ್ಲಾಸು. ಪೇಂಟಿಂಗ್ ವಿಭಾಗ ಸಿಗಬಹುದು ಅಂದುಕೊಂಡಿದ್ದೆ, ಫೌಂಡೇಶನ್ ಕೊಟ್ಟರು.

ಅವರು: ಬೇಜಾರು ಮಾಡಿಕೊಳ್ಳಬೇಡ. ಇಡೀ ಕಾಲೇಜಿನಲ್ಲಿ ಕಷ್ಟದ ಕೆಲಸ ಅಂದರೆ ಅದೇ. ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಹುಡುಗರ ಕೈ ಒಂದು ಜಾಡು ಹಿಡಿದುಬಿಟ್ಟಿರುತ್ತದೆ. ಆಗ ನಾವು ಏನು ಹೇಳಿದರೂ ಕೇಳಿಸಿಕೊಳ್ಳುತ್ತಾರೆ, ತಲೆಯಾಡಿಸುತ್ತಾರೆ, ಕೈ ಮಾತ್ರ ತನ್ನ ಜಾಡಿನಲ್ಲೇ ಹೋಗುತ್ತದೆ. ಮೊದಲ ವರ್ಷದಲ್ಲಿ ಹೇಳಿದ್ದು ಕೈಗೇ ಇಳಿಯುತ್ತದೆ.

ಆಕೆ: ಪ್ರವೇಶ ಪರೀಕ್ಷೆಯ ದಿನ ಅವರ ಫೈಲುಗಳನ್ನು ನೋಡಿದೆ. ಹೆಚ್ಚಿನವರು ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪಾಸು ಮಾಡಿಕೊಂಡು ಬಂದವರು. ಕೈಚಳಕಕ್ಕೆ ಏನೂ ಕೊರತೆಯಿಲ್ಲ. ಸಿನಿಮಾ ನಟರ ಮುಖ, ಧ್ಯಾನಕ್ಕೆ ಕೂತ ಶಿವ, ಹನಿ ತುಳುಕುವ ಕಣ್ಣು, ಹುಲಿ, ಎಲ್ಲವನ್ನೂ ಪೆನ್ಸಿಲ್ಲಿನಲ್ಲಿ ತೀಡಿ ತೀಡಿ ಫೋಟೋದಷ್ಟು ನಯ ಮಾಡಿದ್ದಾರೆ. ಪರೀಕ್ಷೆಗೆ ನಾವು ಒಂದು ಪ್ಲಾಸ್ಟಿಕ್ ಬಕೆಟ್ಟು, ಎರಡು ಈರುಳ್ಳಿ, ಮಡಿಸಿದ ಟವೆಲ್ ಇಟ್ಟೆವು. ಅದೇ ಹುಡುಗರು ಬಕೆಟ್ಟಿನ ಬಾಯಿಯನ್ನು ಬಾವಿಗೆ ಬಗ್ಗಿ ನೋಡಿದ ಹಾಗೆ ದುಂಡಗೆ ಬರೆದು, ತಳಕ್ಕೆ ಸ್ಕೇಲಿಟ್ಟಂತೆ ನೆಟ್ಟಗೆ ಗೆರೆ ಎಳೆದರು.

ಅವರು: ನೋಡು, ಮೊದಲ ವರ್ಷದ ಕೆಲಸವೆಲ್ಲ ಅಲ್ಲೇ ಇದೆ. ಇದುವರೆಗೆ ಅವರು ಬರೆದದ್ದು ಚಿತ್ರಗಳ ಚಿತ್ರ. ಫೋಟೋದಲ್ಲಿ ಎಲ್ಲಿ ನಿಲ್ಲಬೇಕು, ಅಂಚು ಎಲ್ಲಿಗೆ ಮುಗಿಯಬೇಕು, ಯಾವುದು ಬೆಳಕು ಯಾವುದು ಕತ್ತಲು ಅನ್ನುವುದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ಹುಡುಗನ ಪಾಲಿಗೆ ಉಳಿಯುವುದು ನಕಲು. ನಿಜವಾದ ಬಕೆಟ್ಟು ಎದುರಿಗಿದ್ದರೆ ಅವನ ತಲೆ ಒಂದಿಷ್ಟು ಎತ್ತರವಾದರೂ ಬಾಯಿಯ ಆಕಾರ ಅಗಲವಾಗುತ್ತದೆ, ತಗ್ಗಿದರೆ ತೆಳ್ಳಗಾಗುತ್ತದೆ. ಬಾಯಿ ದುಂಡಗಿದೆ ಅಂತ ಅವನಿಗೆ ಗೊತ್ತು, ಅದಕ್ಕೇ ದುಂಡಗೆ ಬರೆಯುತ್ತಾನೆ. ತಳ ನೆಲದ ಮೇಲೆ ಸಪಾಟಾಗಿ ಕೂತಿದೆ ಅಂತ ಗೊತ್ತು, ಅದಕ್ಕೇ ನೆಟ್ಟಗೆ ಎಳೆಯುತ್ತಾನೆ. ಗೊತ್ತಿರುವುದನ್ನು ಬದಿಗಿಟ್ಟು ಕಾಣುವುದನ್ನು ಬರೆಯಪ್ಪಾ ಅಂತ ಒಪ್ಪಿಸುವುದಕ್ಕೆ ಒಂದು ವರ್ಷ ಹಿಡಿಯುತ್ತದೆ. ಆ ವರ್ಷವನ್ನು ನಾವು ಬೇರೆ ಯಾವುದಕ್ಕೂ ಬಿಟ್ಟುಕೊಡಬಾರದು.

ಆಕೆ: ಅದಕ್ಕೇ ನಮ್ಮನ್ನು ಹಿತ್ತಾಳೆ ಚೆಂಬು, ಬಿಳಿ ಬಟ್ಟೆಯ ಮುಂದೆ ಅಷ್ಟು ದಿನ ಕೂರಿಸಿದ್ದಿರಿ.

ಅವರು: ಚೆಂಬು ಏನನ್ನೂ ಮುಚ್ಚಿಡುವುದಿಲ್ಲ. ಕಿಟಕಿಯ ಬೆಳಕು ಬೀಳುವಲ್ಲಿ ಮಿಂಚು, ಅಲ್ಲಿಂದ ಮೆಲ್ಲಗೆ ಇಳಿಯುತ್ತಾ ಹೋಗುವ ಕತ್ತಲು, ಆ ಕತ್ತಲಿನ ಕೊನೆಯಂಚಿಗೆ ಮತ್ತೆ ಸಣ್ಣದೊಂದು ಬೆಳಕು. ಅದು ಕೆಳಗಿನ ಬಟ್ಟೆಗೆ ಬಿದ್ದು ತಿರುಗಿ ಬಂದದ್ದು. ಆ ತಿರುಗುಬೆಳಕು ಕಣ್ಣಿಗೆ ಬಿದ್ದ ದಿನ ಹುಡುಗರ ಮುಖ ನೋಡಬೇಕು ನೀನು. ಅಲ್ಲಿಯವರೆಗೆ ನೆರಳು ಅಂದರೆ 6ಬಿ ಪೆನ್ಸಿಲ್ ತೆಗೆದುಕೊಂಡು ಕಪ್ಪು ಮಾಡುವುದು, ಅಷ್ಟೇ. ಇನ್ನು ಬಿಳಿ ಬಟ್ಟೆ. ಅದರ ಮಡಿಕೆಯ ಆಳದ ನೆರಳು ಚೆಂಬಿನ ಬೆಳಕಿನ ಭಾಗಕ್ಕಿಂತ ಕಪ್ಪಗಿರುತ್ತದೆ. ಬಿಳಿ ವಸ್ತು ಹಳದಿ ವಸ್ತುವಿಗಿಂತ ಕಪ್ಪಗಿರಬಹುದು ಅನ್ನುವುದನ್ನು ಯಾವ ಪುಸ್ತಕ ಓದಿಯೂ ಒಪ್ಪಲಾಗದು. ಕಣ್ಣು ಅರ್ಧ ಮುಚ್ಚಿ ನೋಡಿದರೆ ಮಾತ್ರ ಒಪ್ಪುತ್ತೀಯ.

ಆಕೆ: ಅಳತೆಯನ್ನೂ ಹಾಗೇ ಕಲಿಸಿದಿರಿ. ಪೆನ್ಸಿಲ್ ಹಿಡಿದು ಕೈ ಚಾಚುವುದು, ಒಂದು ಕಣ್ಣು ಮುಚ್ಚುವುದು. ಮೊಣಕೈ ಬಾಗಿಸಿದರೆ ಬೈಯುತ್ತಿದ್ದಿರಿ. ಯಾಕೆ ಅಂತ ಕೇಳುವ ಧೈರ್ಯ ಇರಲಿಲ್ಲ. ಆಮೇಲೆ ನಾನೇ ಅರ್ಥ ಮಾಡಿಕೊಂಡೆ. ಮೊಣಕೈ ಬಾಗಿದರೆ ಪೆನ್ಸಿಲ್ ಕಣ್ಣಿಗೆ ಹತ್ತಿರವಾಗುತ್ತದೆ, ಅದರ ಮೇಲೆ ಚೆಂಬಿನ ಎತ್ತರ ಮೊದಲಿಗಿಂತ ಕಮ್ಮಿ ಕಾಣುತ್ತದೆ. ಒಂದು ಅಳತೆಗೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ. ಕೈ ಪೂರ್ತಿ ಚಾಚಿದ್ದರೆ ದೂರ ಯಾವತ್ತೂ ಒಂದೇ.

ಅವರು: ಹುಡುಗರಿಗೆ ಆ ಕಾರಣವನ್ನೂ ಹೇಳು. ಕಾರಣ ಗೊತ್ತಾದ ನಿಯಮವನ್ನು ಕೈ ಬೇಗ ಹಿಡಿಯುತ್ತದೆ. ಮೊದಲ ತಿಂಗಳು ರಬ್ಬರ್ ತರಿಸಬೇಡ. ಕಾರ್ಟ್ರಿಡ್ಜ್ ಶೀಟೂ ಬೇಡ. ದುಬಾರಿ ಹಾಳೆ ಕಂಡರೆ ಹುಡುಗರಿಗೆ ಕೈ ನಡುಗುತ್ತದೆ, ಒಂದೇ ಚಿತ್ರವನ್ನು ದಿನವಿಡೀ ತಿಕ್ಕುತ್ತಾರೆ. ನ್ಯೂಸ್‌ಪ್ರಿಂಟ್ ಸಾಕು. ಕಿಮೋನ್ ನಿಕೊಲಾಯ್ಡಿಸ್ ಅಂತ ಅಮೆರಿಕದ ಒಬ್ಬ ಮೇಷ್ಟರಿದ್ದರು. ಅವರು ತೀರಿಕೊಂಡ ಮೇಲೆ, 1941ರಲ್ಲಿ, ಅವರ ಪಾಠಗಳ ಪುಸ್ತಕ ಬಂತು. ಕಾಗದದ ಕಡೆ ನೋಡದೆ, ವಸ್ತುವಿನ ಅಂಚಿನ ಮೇಲೆ ಕಣ್ಣು ಹರಿದ ವೇಗದಲ್ಲೇ ಪೆನ್ಸಿಲ್ ಹರಿಸುವ ಅಭ್ಯಾಸ ಅದರಲ್ಲಿದೆ. ಚಿತ್ರ ಸೊಟ್ಟಪಟ್ಟ ಬರುತ್ತದೆ. ಬರಲಿ. ಎಡಗೈಯನ್ನೇ ವಸ್ತುವಾಗಿಟ್ಟುಕೊಂಡು ಅದನ್ನು ಮಾಡುವಾಗ ಕ್ಲಾಸಿನಲ್ಲಿ ಒಂದು ಪಿಸುಮಾತೂ ಇರುವುದಿಲ್ಲ, ಯಾಕೆಂದರೆ ಅವರೆಲ್ಲ ಹುಟ್ಟಿದಾರಭ್ಯ ಮೊದಲ ಸಲ ತಮ್ಮದೇ ಎಡಗೈಯನ್ನು ನೋಡುತ್ತಿರುತ್ತಾರೆ.

ಆಕೆ: ಇದನ್ನೆಲ್ಲ ನಾನು ಒಪ್ಪುತ್ತೇನೆ ಸರ್, ಮಾಡಿಸುತ್ತೇನೆ ಕೂಡ. ಆದರೆ ಒಂದು ಪ್ರಶ್ನೆ ಬಹಳ ದಿನದಿಂದ ಇದೆ. ಈ ಚೆಂಬು, ಈ ಬಟ್ಟೆ, ಈ ಅಳತೆ ಎಲ್ಲಿಂದ ಬಂತು? 1850ರಲ್ಲಿ ಮದ್ರಾಸಿನಲ್ಲಿ ಅಲೆಗ್ಸಾಂಡರ್ ಹಂಟರ್ ಎಂಬ ಸರ್ಜನ್ ಕಲಾಶಾಲೆ ತೆರೆದ. 1854ರಲ್ಲಿ ಕಲ್ಕತ್ತ, 1857ರಲ್ಲಿ ಮುಂಬಯಿಯ ಜೆ.ಜೆ. ಶಾಲೆ. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಪಠ್ಯಕ್ರಮ ತಂದು, ಗ್ರೀಕ್ ಶಿಲ್ಪಗಳ ಪ್ಲಾಸ್ಟರ್ ಅಚ್ಚುಗಳನ್ನಿಟ್ಟು ನಕಲು ಮಾಡಿಸಿದರು. ನಮ್ಮ ಸ್ಟಿಲ್ ಲೈಫು ಅದರ ಮೊಮ್ಮಗನೇ ಅಲ್ಲವೇ? ಗ್ರೀಕ್ ತಲೆ ಹೋಗಿ ಹಿತ್ತಾಳೆ ಚೆಂಬು ಬಂತು.

ಅವರು: ಬೇರು ಅಲ್ಲಿಯದೇ, ಇಲ್ಲ ಅನ್ನಲಾರೆ. ಆದರೆ ಪ್ಲಾಸ್ಟರ್ ತಲೆಯನ್ನು ಇಟ್ಟಾಗ ಇದು ಆದರ್ಶ, ಇದರಂತೆ ಬರೆ ಅನ್ನುವುದು ಅದರ ಜೊತೆಗೇ ಬಂದಿತ್ತು. ಚೆಂಬು ಯಾರಿಗೂ ಆದರ್ಶವಲ್ಲ. ಮನೆಯಲ್ಲಿ ದಿನಾ ಮುಟ್ಟಿದ ಪಾತ್ರೆ. ಆ ಬೇರನ್ನೇ ಕೀಳಲು ಹೊರಟವರೂ ಇದ್ದರು. ಹ್ಯಾವೆಲ್ ಅಂತ ಒಬ್ಬ ಇಂಗ್ಲಿಷರವರು, 1896ರಲ್ಲಿ ಕಲ್ಕತ್ತದ ಶಾಲೆಗೆ ಮುಖ್ಯಸ್ಥರಾಗಿ ಬಂದವರು. ಯುರೋಪಿನ ಚಿತ್ರಗಳನ್ನೂ ಅಚ್ಚುಗಳನ್ನೂ ತೆಗೆಸಿ ಮೊಗಲ್ ಮತ್ತಿತರ ಭಾರತೀಯ ಚಿತ್ರಗಳನ್ನು ತಂದರು. ಆಗ ಪ್ರತಿಭಟಿಸಿದವರು ಬಂಗಾಳಿ ವಿದ್ಯಾರ್ಥಿಗಳೇ. ತಮಗೆ ನಿಜವಾದ ಕಲೆ ಕಲಿಸದೆ ವಂಚಿಸುತ್ತಿದ್ದಾರೆ ಅಂತ ಅವರಿಗೆ ಅನ್ನಿಸಿತು. ಯಾವುದು ನಮ್ಮದು ಅನ್ನುವುದು ಮೊದಲ ವರ್ಷದ ಹುಡುಗರಿಗೆ ಅಷ್ಟು ಸುಲಭದ ಪ್ರಶ್ನೆಯಲ್ಲ.

ಆಕೆ: ಇನ್ನು ಟೂ ಡೈಮೆನ್ಷನಲ್ ಡಿಸೈನ್. ಚೌಕ, ವೃತ್ತ, ತ್ರಿಕೋನ, ಕಲರ್ ವೀಲ್. ಅದು ಜರ್ಮನಿಯದು.

ಅವರು: ಬೌಹೌಸಿನದು. 1919ರಲ್ಲಿ ವೈಮಾರಿನಲ್ಲಿ ಗ್ರೋಪಿಯಸ್ ಶುರುಮಾಡಿದ ಶಾಲೆ. ಅಲ್ಲಿ ಯೋಹಾನೆಸ್ ಇಟೆನ್ ಎಲ್ಲರಿಗೂ ಕಡ್ಡಾಯವಾದ ಆರು ತಿಂಗಳ ಪೂರ್ವಭಾವಿ ಪಾಠ ರೂಪಿಸಿದರು. ಪ್ರಪಂಚದ ಕಲಾಶಾಲೆಗಳಲ್ಲಿ ಇವತ್ತು ಇರುವ ಫೌಂಡೇಶನ್ ವರ್ಷದ ದೊಡ್ಡ ಪಾಲು ಅಲ್ಲಿಂದ ಬಂದದ್ದು. ಇಟೆನ್ ಮೊದಲು ತರಬೇತಿ ಪಡೆದದ್ದು ಪ್ರಾಥಮಿಕ ಶಾಲೆಯ ಮೇಷ್ಟರಾಗುವುದಕ್ಕೆ. ಅದಕ್ಕೇ ಅವರ ಪಾಠದಲ್ಲಿ ಮಕ್ಕಳ ಆಟದ ಗುಣವಿದೆ: ಬೆಳಿಗ್ಗೆ ಉಸಿರಾಟದ ವ್ಯಾಯಾಮ, ಆಮೇಲೆ ಮರದ ತೊಗಟೆ, ಉಣ್ಣೆ, ತಂತಿ, ಗಾಜು ಮುಟ್ಟಿ ನೋಡಿ ಅದರ ಮೈಯನ್ನು ಗೆರೆಯಲ್ಲಿ ತರುವುದು. 1923ರಲ್ಲಿ ಅವರು ಬಿಟ್ಟು ಹೋದ ಮೇಲೆ ಮೊಹೊಲಿ-ನಾಜ್ ಮತ್ತು ಯೋಸೆಫ್ ಆಲ್ಬರ್ಸ್ ಬಂದರು. ಆಲ್ಬರ್ಸ್ ಹುಡುಗರ ಕೈಗೆ ಬರೀ ಒಂದು ಹಾಳೆ ಕಾಗದ ಕೊಟ್ಟು, ಏನೂ ವ್ಯರ್ಥ ಮಾಡದೆ ಇದನ್ನು ನಿಲ್ಲಿಸಿ ಅನ್ನುತ್ತಿದ್ದರಂತೆ. ಮಡಿಸಿದ ಕಾಗದ ಭಾರ ಹೊರುತ್ತದೆ ಅಂತ ಕಂಡುಕೊಂಡ ಹುಡುಗನಿಗೆ ಕಟ್ಟಡದ ಪಾಠ ಅಲ್ಲೇ ಶುರು. ಅಂದಹಾಗೆ ಆ ಬೌಹೌಸ್ ನಮಗೆ ಪೂರ್ತಿ ಪರದೇಶಿಯಲ್ಲ. 1922ರ ಡಿಸೆಂಬರಿನಲ್ಲಿ ಕಲ್ಕತ್ತದಲ್ಲಿ ಇಂಡಿಯನ್ ಸೊಸೈಟಿ ಆಫ್ ಓರಿಯಂಟಲ್ ಆರ್ಟ್ ನಡೆಸಿದ ಪ್ರದರ್ಶನದಲ್ಲಿ ಕ್ಲೇ, ಕ್ಯಾಂಡಿನ್‌ಸ್ಕಿ, ಇಟೆನ್ ಇವರ ಕೃತಿಗಳು ಬಂದಿದ್ದವು, ಅಬನೀಂದ್ರನಾಥ ಠಾಕೂರರ ಬಳಗದ ಚಿತ್ರಗಳ ಜೊತೆಯಲ್ಲೇ.

ಆಕೆ: ನನ್ನ ತಕರಾರು ಅದು ಹೊರಗಿನದು ಅಂತಲ್ಲ ಸರ್. ನಾನು ಮೊದಲ ವರ್ಷಕ್ಕೆ ಬಂದಾಗ ನನ್ನ ಕೈ ಖಾಲಿ ಇರಲಿಲ್ಲ. ನಮ್ಮದು ದೀವರ ಮನೆ. ಮದುವೆಗೆ ಅಮ್ಮ, ದೊಡ್ಡಮ್ಮ ಹಸೆ ಚಿತ್ತಾರ ಬರೆಯುತ್ತಿದ್ದರು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಅಕ್ಕಿಯನ್ನೇ ಕಪ್ಪಾಗುವಂತೆ ಹುರಿದು ಮಾಡಿದ ಕರಿ, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಸ್ಕೇಲಿಲ್ಲ, ಪೆನ್ಸಿಲ್ ಗುರುತಿಲ್ಲ. ಎರಡು ಎಳೆಗಳ ನಡುವೆ ಇರುವ ಸಂದು ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ. ಭೂಮಿ ಹುಣ್ಣಿಮೆ ಹಬ್ಬಕ್ಕೆ ಹೊಲಕ್ಕೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಬರೆಯುವಾಗ ನನಗೂ ಒಂದು ಮೂಲೆ ಬಿಟ್ಟುಕೊಡುತ್ತಿದ್ದರು. ಆ ಕೈ ಹೊತ್ತು ಕಾಲೇಜಿಗೆ ಬಂದರೆ, ಡಿಸೈನ್ ಕ್ಲಾಸಿನಲ್ಲಿ ಲಯ, ಪುನರಾವರ್ತನೆ, ಸಮತೋಲ ಅಂತ ಹೊಸದಾಗಿ ಕಲಿಸಿದರು. ಅದೆಲ್ಲ ಅಮ್ಮನಿಗೆ ಗೊತ್ತು ಅಂತ ಯಾರೂ ನನಗೆ ಹೇಳಲಿಲ್ಲ.

ಅವರು: ನಾನು ಇದುವರೆಗೆ ಹೇಳಿದ್ದಕ್ಕೆ ನಿನ್ನ ಅಮ್ಮನ ಚಿತ್ತಾರ ಉತ್ತರವಾಗುತ್ತದೆಯೇ? ಚಿತ್ತಾರ ಬರೆಯುವವರು ಎದುರಿಗೆ ಏನನ್ನೂ ಇಟ್ಟುಕೊಂಡು ನೋಡುವುದಿಲ್ಲವಲ್ಲ.

ಆಕೆ: ಅದೇ ನನ್ನ ಮಾತು. ವಸ್ತುವಿನ ಎದುರು ಕೂತು ಕಲಿಯುವುದು ಒಂದು ಬೇರು. ಎಣಿಕೆಯಿಂದ, ನೆನಪಿನಿಂದ, ಹಾಡಿನಿಂದ ಕಲಿಯುವುದು ಇನ್ನೊಂದು. ಚಿತ್ತಾರ ಬರೆಯುವಾಗ ಹೆಂಗಸರು ಹಾಡುತ್ತಾರೆ ಸರ್. ಅದು ನಕಲಲ್ಲ, ಫೋಟೋ ನೋಡಿ ಶಿವನನ್ನು ಬರೆಯುವ ಜಾತಿಯದಲ್ಲ. ಮೊದಲ ವರ್ಷಕ್ಕೆ ಬರುವ ಹುಡುಗರಲ್ಲಿ ಹೀಗೆ ಏನೋ ಒಂದು ಹೊತ್ತು ಬಂದವರು ಇರುತ್ತಾರೆ. ಕಿನ್ನಾಳದ ಗೊಂಬೆ ಮಾಡುವ ಮನೆಯವನಿರಬಹುದು, ಶಿವಾರಪಟ್ಟಣದ ಕಲ್ಲುಕುಟಿಗರ ಮಗನಿರಬಹುದು, ಸೈನ್‌ಬೋರ್ಡ್ ಬರೆಯುವ ತಂದೆಯ ಜೊತೆ ಏಣಿ ಹಿಡಿದವನಿರಬಹುದು. ಅವರಿಗೆ ಮೊದಲ ದಿನವೇ ಎಲ್ಲ ಮರೆತುಬಿಡಿ ಅನ್ನುತ್ತೇವೆ.

ಅವರು: ಮರೆಯಿರಿ ಅನ್ನುವುದು ಬೇಡ. ಆದರೆ ಚಿತ್ತಾರವನ್ನು ಕ್ಲಾಸಿಗೆ ತಂದರೆ ಏನಾಗುತ್ತದೆ ಅನ್ನುವ ಭಯ ನನಗಿದೆ. ಗೋಡೆ ಹೋಗುತ್ತದೆ, ಮದುವೆ ಹೋಗುತ್ತದೆ, ಹಾಡು ಹೋಗುತ್ತದೆ. ಅರ್ಧ ಶೀಟಿನ ಮೇಲೆ ಪೋಸ್ಟರ್ ಕಲರಿನಲ್ಲಿ ಒಂದು ಮೋಟಿಫ್ ಉಳಿಯುತ್ತದೆ. ಹತ್ತಕ್ಕೆ ಏಳು ಮಾರ್ಕು ಹಾಕುತ್ತೀಯ. ಅದೇ ಹುಡುಗ ಮೂರನೇ ವರ್ಷದಲ್ಲಿ ಅದನ್ನು ಹೋಟೆಲಿನ ಗೋಡೆಗೆ ಬರೆದು ಬರುತ್ತಾನೆ. ಬರೆಯಲಿ, ಅದರಲ್ಲಿ ಅನ್ನವಿದೆ. ಆದರೆ ಅವನು ಕಲಿತದ್ದೇನು?

ಆಕೆ: ಮೋಟಿಫ್ ತರುವುದಿಲ್ಲ ನಾನು. ಕೆಲಸ ತರುತ್ತೇನೆ. ಪುಂಡಿ ನಾರು ಜಜ್ಜಿ ಕುಂಚ ಮಾಡಿಕೊಂಡು, ಸ್ಕೇಲಿಲ್ಲದೆ, ನಿಂತ ಭಂಗಿಯಲ್ಲಿ ಗೋಡೆಯ ಮೇಲೆ ಒಂದು ಉದ್ದನೆಯ ಎಳೆ ಎಳೆಯಿರಿ ನೋಡೋಣ. ಅಲ್ಲಿ ಗೊತ್ತಾಗುತ್ತದೆ, ಎಳೆ ಬೆರಳಿನಿಂದ ಬರುವುದಲ್ಲ, ಭುಜದಿಂದ ಬರುವುದು ಅಂತ. ಆ ಪಾಠವನ್ನು ಹೇಳಿಕೊಡುವುದಕ್ಕೆ ನಾನಲ್ಲ, ಅಮ್ಮ ಬರಬೇಕು. ಅತಿಥಿ ಉಪನ್ಯಾಸಕರಿಗೆ ಕೊಡುವ ಸಂಭಾವನೆಯನ್ನೇ ಅವರಿಗೂ ಕೊಡಬೇಕು.

ಅವರು: ಅದಾದರೆ ಸರಿ. ಅಮ್ಮ ಬರಲಿ. ಮಾರ್ಕು ಮಾತ್ರ ಹಾಕಬೇಡ ಅದಕ್ಕೆ.

ಆಕೆ: ಮಾರ್ಕು ಹಾಕದಿದ್ದರೆ ಹುಡುಗರು ಅದನ್ನು ಪಾಠ ಅಂತಲೇ ಎಣಿಸುವುದಿಲ್ಲ ಸರ್. ಚೆಂಬಿಗೆ ಮಾರ್ಕು, ಚಿತ್ತಾರಕ್ಕೆ ಚಪ್ಪಾಳೆ ಅಂದರೆ ಮತ್ತೆ ಅದೇ ಮೇಲುಕೀಳು ಆಯಿತು.

ಅವರು: ಈ ಮಾತಿಗೆ ನನ್ನಲ್ಲಿ ತಕ್ಷಣಕ್ಕೆ ಉತ್ತರವಿಲ್ಲ. ಯೋಚಿಸಬೇಕು. ಆದರೆ ಹಾಡಿನ ವಿಷಯ ಹೇಳಿದೆಯಲ್ಲ, ಅದು ನನಗೆ ಹಿಡಿಸಿತು. ವಿಷ್ಣುಧರ್ಮೋತ್ತರ ಪುರಾಣದ ಮೂರನೇ ಖಂಡದಲ್ಲಿ ವಜ್ರ ಎಂಬ ರಾಜ ಮಾರ್ಕಂಡೇಯರನ್ನು ಕೇಳುತ್ತಾನೆ, ದೇವರ ಪ್ರತಿಮೆ ಮಾಡುವುದು ಹೇಗೆ ಅಂತ. ಋಷಿ ನೇರವಾಗಿ ಹೇಳುವುದಿಲ್ಲ. ಚಿತ್ರ ಬಾರದವನಿಗೆ ಪ್ರತಿಮೆ ಬಾರದು ಅನ್ನುತ್ತಾರೆ. ಹಾಗಾದರೆ ಚಿತ್ರ ಹೇಳಿಕೊಡಿ. ನೃತ್ಯ ತಿಳಿಯದೆ ಚಿತ್ರ ಬಾರದು. ನೃತ್ಯಕ್ಕೆ ವಾದ್ಯ ಬೇಕು, ವಾದ್ಯಕ್ಕೆ ಗೀತ ಬೇಕು. ಒಂದು ಪೂರ್ತಿ ಮೊದಲ ವರ್ಷವನ್ನೇ ಆ ರಾಜನಿಗೆ ನಿಗದಿಮಾಡಿದಂತಿದೆ. ಓದಿದಾಗಲೆಲ್ಲ ನನಗೆ ಕೆ. ವೆಂಕಟಪ್ಪನವರ ನೆನಪು ಬರುತ್ತದೆ. ಮೈಸೂರಿನ ಚಿತ್ರಗಾರರ ಮನೆಯಲ್ಲಿ 1886ರಲ್ಲಿ ಹುಟ್ಟಿದವರು. ಮನೆಯ ವಿದ್ಯೆ ಕೈಯಲ್ಲಿತ್ತು. ಕಲ್ಕತ್ತಕ್ಕೆ ಹೋಗಿ ಅಬನೀಂದ್ರನಾಥರ ಬಳಿ ಮತ್ತೆ ವಿದ್ಯಾರ್ಥಿಯಾದರು. ಅಷ್ಟು ಸಾಲದೆ ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಅವರ ಊಟಿಯ ನಿಸರ್ಗಚಿತ್ರಗಳು ಬೆಂಗಳೂರಿನಲ್ಲಿ ಅವರದೇ ಹೆಸರಿನ ಗ್ಯಾಲರಿಯಲ್ಲಿವೆ. ಮಂಜು ಏರುವ ಬೆಟ್ಟದ ಆ ಮೆಲುಬಣ್ಣಗಳನ್ನು ನೋಡಿದರೆ, ಮನೆಯ ಕೈಯೂ ಕಲಿತ ಕಣ್ಣೂ ಒಬ್ಬನಲ್ಲೇ ಇರಬಹುದು ಅಂತ ಗೊತ್ತಾಗುತ್ತದೆ.

ಆಕೆ: ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ.

ಅವರು: ಹೋಗು. ಮೊಬೈಲಿನಲ್ಲಿ ಫೋಟೋ ಹೊಡೆಯಲು ಬಿಡಬೇಡ. ಒಂದೇ ಚಿತ್ರದ ಮುಂದೆ ಅರ್ಧ ಗಂಟೆ ನಿಲ್ಲಿಸು.

ಆಕೆ: ಇದ್ದಿಲಿನ ಬಗ್ಗೆ ಒಂದು ಯೋಚನೆ ಇದೆ. ಅಂಗಡಿಯ ಚಾರ್ಕೋಲ್ ಬೆಲೆ ಹಳ್ಳಿಯಿಂದ ಬಂದ ಹುಡುಗರಿಗೆ ಎಟುಕುವುದಿಲ್ಲ, ಅರ್ಧ ದಿನಕ್ಕೆ ಒಂದು ಕಡ್ಡಿ ಮುರಿದು ಮುಗಿಯುತ್ತದೆ. ಮೈಸೂರು ಶೈಲಿಯ ಹಳೆಯ ಚಿತ್ರಗಾರರು ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ ಸುಟ್ಟು ಬರೆಯುವ ಇದ್ದಿಲು ಮಾಡಿಕೊಳ್ಳುತ್ತಿದ್ದರಲ್ಲ, ಅದನ್ನೇ ಮೊದಲ ವಾರದ ಪಾಠ ಮಾಡೋಣ ಅಂತ.

ಅವರು: ಬಹಳ ಒಳ್ಳೆಯದು. ಗಾಳಿಯಾಡದಂತೆ ಮುಚ್ಚಬೇಕು, ಇಲ್ಲದಿದ್ದರೆ ಬೂದಿಯಾಗುತ್ತದೆ. ಕಮ್ಮಿ ಸುಟ್ಟರೆ ಕಂದು ಉಳಿದು ಕಾಗದ ಗೀರುತ್ತದೆ. ತಾನೇ ಸುಟ್ಟ ಇದ್ದಿಲಿನಿಂದ ಬರೆದವನು ಕಪ್ಪು ಅನ್ನುವುದು ಎಲ್ಲಿಂದ ಬರುತ್ತದೆ ಅಂತ ಯಾವತ್ತೂ ಮರೆಯುವುದಿಲ್ಲ. ಬಣ್ಣಕ್ಕೂ ಇದೇ ದಾರಿ ಹಿಡಿ. ಕಲರ್ ವೀಲ್ ಬರೆಸುವುದರಿಂದ ಶುರುಮಾಡಬೇಡ. ಹುಡುಗರು ಹನ್ನೆರಡು ಮನೆಗೆ ಅಂದವಾಗಿ ಬಣ್ಣ ತುಂಬುತ್ತಾರೆ, ಬಣ್ಣದ ಬಗ್ಗೆ ಏನೂ ಕಲಿಯುವುದಿಲ್ಲ.

ಆಕೆ: ಹಾಗಾದರೆ ಯಾವುದರಿಂದ?

ಅವರು: ಒಂದು ಕಥೆಯಿಂದ. ಪ್ಯಾರಿಸಿನಲ್ಲಿ ಗೋಬೆಲಿನ್ಸ್ ಅಂತ ಚಿತ್ರಕಂಬಳಿ ನೇಯುವ ಸರ್ಕಾರಿ ಕಾರ್ಖಾನೆ. 1824ರಲ್ಲಿ ಷೆವ್ರೆಲ್ ಎಂಬ ರಸಾಯನ ವಿಜ್ಞಾನಿ ಅಲ್ಲಿನ ಬಣ್ಣದ ವಿಭಾಗದ ಮುಖ್ಯಸ್ಥರಾದರು. ಕಪ್ಪು ದಾರಕ್ಕೆ ಕಸುವಿಲ್ಲ, ನೀಲಿಯ ಪಕ್ಕದಲ್ಲಿ ಸಪ್ಪೆ ಕಾಣುತ್ತದೆ ಅಂತ ದೂರು ಬಂತು. ಅವರು ಬೇರೆ ಕಡೆಯ ಕಪ್ಪು ಬಣ್ಣಗಳ ಜೊತೆ ಹೋಲಿಸಿ ಪರೀಕ್ಷೆ ಮಾಡಿದರು. ಬಣ್ಣದಲ್ಲಿ ದೋಷವೇ ಇರಲಿಲ್ಲ. ದೋಷ ನೆರೆಹೊರೆಯಲ್ಲಿತ್ತು. ನೀಲಿ ಪಕ್ಕದಲ್ಲಿದ್ದರೆ ನಮ್ಮ ಕಣ್ಣು ಆ ಕಪ್ಪಿಗೆ ನೀಲಿಯ ಎದುರು ಬಣ್ಣದ ಛಾಯೆ ಬೆರೆಸಿಬಿಡುತ್ತದೆ. 1839ರಲ್ಲಿ ಅದನ್ನೇ ಪುಸ್ತಕ ಮಾಡಿದರು. ಆಮೇಲೆ ಎಷ್ಟೋ ಚಿತ್ರಕಾರರು ಅದನ್ನು ಓದಿ ಬಣ್ಣ ಹಚ್ಚುವ ರೀತಿಯನ್ನೇ ಬದಲಾಯಿಸಿಕೊಂಡರು. ಈಗ ನೀನು ಒಂದೇ ಬೂದು ಕಾಗದದಿಂದ ಎರಡು ಚೌಕ ಕತ್ತರಿಸಿ, ಒಂದನ್ನು ಕುಂಕುಮ ಬಣ್ಣದ ಹಾಳೆಯ ಮೇಲೆ, ಇನ್ನೊಂದನ್ನು ಗಿಳಿಹಸಿರಿನ ಮೇಲೆ ಇಡು. ಎರಡೂ ಬೇರೆ ಬೂದು ಅಂತ ಇಡೀ ಕ್ಲಾಸು ವಾದ ಮಾಡುತ್ತದೆ. ಆಲ್ಬರ್ಸ್ ಜೀವಮಾನವಿಡೀ ಮಾಡಿಸಿದ್ದು ಇಂಥ ಕಾಗದದ ಆಟವನ್ನೇ. 1963ರಲ್ಲಿ ಅವರ ಪುಸ್ತಕ ಬಂತು. ಬಣ್ಣ ಡಬ್ಬಿಯಲ್ಲಿಲ್ಲ, ಎರಡು ಬಣ್ಣಗಳ ನಡುವೆ ಇದೆ. ಇಳಕಲ್ ಸೀರೆ ನೇಯುವವರಿಗೆ ಇದು ಗೊತ್ತು.

ಆಕೆ: ಇಳಕಲ್ ಸೀರೆಯನ್ನೂ ತರುತ್ತೇನೆ ಸರ್. ಕಾಗದದ ಪಕ್ಕದಲ್ಲೇ ಹಾಸಿದರೆ ಆಯಿತು.

ಅವರು: ತಾ. ಮಣ್ಣಿನ ಕೆಲಸದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ, ಶಿಲ್ಪ ವಿಭಾಗದವರು ನೋಡಿಕೊಳ್ಳುತ್ತಾರೆ. ಒಂದೇ ಒಂದು: ಹುಡುಗರು ತಲೆ ಮಾಡುವಾಗ ಮುಂದೆ ಮಾತ್ರ ನಿಂತು ಮಾಡುತ್ತಾರೆ. ಸ್ಟ್ಯಾಂಡು ತಿರುಗಿಸುತ್ತಲೇ ಇರು. ಸಂಜೆ ಒದ್ದೆ ಗೋಣಿ ಹೊದಿಸದೆ ಹೋದವರಿಗೆ ಬೆಳಿಗ್ಗೆ ಬಿರುಕೇ ಪಾಠ ಹೇಳುತ್ತದೆ.

ಆಕೆ: ಪ್ರವಾಸಕ್ಕೆ ಬಾದಾಮಿ ಅಂತ ಅಂದುಕೊಂಡಿದ್ದೇನೆ.

ಅವರು: ಹಂಪಿ ಬಿಟ್ಟು ಬಾದಾಮಿ ಯಾಕೆ ಅಂತ ಕೇಳುವುದಿಲ್ಲ, ನನಗೂ ಬಾದಾಮಿಯೇ. ಒಂದನೇ ಗುಹೆಯ ಹೊರಗೆ ಹದಿನೆಂಟು ಕೈಗಳ ನಟರಾಜನಿದ್ದಾನೆ. ಹುಡುಗರು ಕೈ ಎಣಿಸಿ ಮುಗಿಸುತ್ತಾರೆ. ನೀನು ಬೇರೆ ಪ್ರಶ್ನೆ ಕೇಳು: ಹದಿನೆಂಟು ಕೈಗಳಿದ್ದೂ ಗೋಜಲು ಯಾಕಾಗಲಿಲ್ಲ? ಮುಂಡ ಎಷ್ಟು ಬಾಗಿದೆ, ಭಾರ ಯಾವ ಕಾಲಿನ ಮೇಲಿದೆ, ಕೈಗಳು ಬೀಸಣಿಗೆಯಂತೆ ತೆರೆದುಕೊಳ್ಳುವಾಗ ಅವುಗಳ ನಡುವಿನ ಖಾಲಿ ಜಾಗಗಳು ಯಾವ ಆಕಾರದಲ್ಲಿವೆ. ಆ ಖಾಲಿ ಜಾಗಗಳನ್ನು ಮಾತ್ರ ಬರೆಯಲು ಹೇಳು. ಕೈ ತಾನಾಗಿಯೇ ಬರುತ್ತದೆ. ಆಮೇಲೆ ಮೂರನೇ ಗುಹೆಗೆ ಹತ್ತಿಸು. ಚಾಲುಕ್ಯ ಮಂಗಳೇಶನ ಶಾಸನ ಅಲ್ಲಿದೆ, ಕ್ರಿ.ಶ. 578ರದ್ದು. ಕಾಲ ಇಷ್ಟು ಖಚಿತವಾಗಿ ಗೊತ್ತಿರುವ ಗುಹಾಲಯಗಳು ಕಡಿಮೆ. ಚಾವಣಿಯ ಕಡೆ ಭಿತ್ತಿಚಿತ್ರದ ತುಣುಕುಗಳೂ ಅಳಿದುಳಿದಿವೆ. ನೆರಳಿನಲ್ಲಿ ಕೂತು ದಿನವಿಡೀ ಬರೆಯಬಹುದು. ಕೋತಿಗಳಿಂದ ಊಟದ ಡಬ್ಬಿ ಕಾಪಾಡಿಕೊಂಡರೆ ಸಾಕು.

ಆಕೆ: ಆರ್.ಎಂ. ಹಡಪದರು ಬಾದಾಮಿಯವರೇ ಅಲ್ಲವೇ?

ಅವರು: ಹೌದು. ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿದರು. ಫೀಸು ಕಟ್ಟಲಾಗದ ಹುಡುಗರನ್ನೂ ಸೇರಿಸಿಕೊಂಡು ಕಲಿಸಿದ ಮನುಷ್ಯ ಅಂತ ಅವರ ಶಿಷ್ಯರು ಇವತ್ತಿಗೂ ಹೇಳುತ್ತಾರೆ. ಧಾರವಾಡದಲ್ಲಿ ಹಾಲಭಾವಿಯವರು, ಗದಗಿನಲ್ಲಿ ಅಕ್ಕಿಯವರು ಹೀಗೇ ಒಬ್ಬೊಬ್ಬರೇ ನಿಂತು ಶಾಲೆ ನಡೆಸಿದರು. ನಮ್ಮಲ್ಲಿ ಚಿತ್ರಕಲೆಯ ಓದು ಬೆಳೆದದ್ದು ಸರ್ಕಾರದ ಆದೇಶದಿಂದಲ್ಲ, ಇಂಥ ಮೇಷ್ಟರುಗಳ ಹಟದಿಂದ. ಹುಡುಗರಿಗೆ ಇವರ ಹೆಸರು ಗೊತ್ತಿರಬೇಕು. ಮೈಕೆಲೆಂಜೆಲೋ ಹೆಸರು ಪರೀಕ್ಷೆಗೆ ಬಾಯಿಪಾಠ ಮಾಡಿರುತ್ತಾರೆ.

ಆಕೆ: ಪರೀಕ್ಷೆ ಅಂದಿರಲ್ಲ, ಕಲಾ ಇತಿಹಾಸದ ಕ್ಲಾಸೇ ಹೆಚ್ಚಿನವರಿಗೆ ಭಯ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ. ಚಿತ್ರ ಚೆನ್ನಾಗಿ ಬರೆಯುವ ಹುಡುಗಿ ವೈವಾದಲ್ಲಿ ಬಾಯಿ ಬಿಡದೆ ನಿಂತದ್ದನ್ನು ನೋಡಿದ್ದೇನೆ. ಅವಳಿಗೆ ಹೇಳಲು ಏನೂ ಇರಲಿಲ್ಲ ಅಂತಲ್ಲ. ನಾನು ಕನ್ನಡದಲ್ಲೇ ಪಾಠ ಮಾಡುತ್ತೇನೆ, ಉತ್ತರವನ್ನೂ ಕನ್ನಡದಲ್ಲಿ ಬರೆಯಿರಿ ಅನ್ನುತ್ತೇನೆ. ಪರ್ಸ್‌ಪೆಕ್ಟಿವ್, ಟೋನ್, ಟೆಕ್ಸ್ಚರ್ ಅನ್ನುವ ಮಾತುಗಳು ಹಾಗೆಯೇ ಇರಲಿ, ತೊಂದರೆಯಿಲ್ಲ.

ಅವರು: ಮಾತಾಡಲು ಬಂದರೆ ಒಬ್ಬರ ಕೆಲಸ ಇನ್ನೊಬ್ಬರು ನೋಡಲು ಕಲಿಯುತ್ತಾರೆ. ವಾರಕ್ಕೊಮ್ಮೆ ಎಲ್ಲ ಹಾಳೆಗಳನ್ನೂ ನೆಲದ ಮೇಲೆ ಹರಡಿ ಸುತ್ತ ನಿಂತು ಮಾತಾಡಿಸು. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಎರಡು ಮಾತನ್ನು ಬಿಟ್ಟು ಏನು ಬೇಕಾದರೂ ಹೇಳಲಿ.

ಆಕೆ: ಇಷ್ಟೆಲ್ಲ ಮಾಡಿದರೂ ಸೆಮಿಸ್ಟರ್ ಕೊನೆಗೆ ಸಬ್ಮಿಶನ್ ಬರುತ್ತದೆ ಸರ್. ಇಷ್ಟು ಸ್ಟಿಲ್ ಲೈಫ್, ಇಷ್ಟು ಹೆಡ್ ಸ್ಟಡಿ, ಮೌಂಟ್ ಮಾಡಿ ಡಿಸ್‌ಪ್ಲೇ ಮಾಡಬೇಕು. ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಫೋನು ನೋಡಿಕೊಂಡು ಹತ್ತು ಹತ್ತು ಹಾಳೆ ತೀಡುತ್ತಾರೆ. ವರ್ಷವಿಡೀ ಕಲಿತದ್ದು ಒಂದೇ ರಾತ್ರಿಯಲ್ಲಿ ಹಾಳಾಗುತ್ತದೆ.

ಅವರು: ಪ್ರತಿ ಹಾಳೆಗೂ ಅದೇ ದಿನ ತಾರೀಕು ಹಾಕಿಸಿ ನಿನ್ನ ರುಜು ಮಾಡು. ಸಬ್ಮಿಶನ್ನಿಗೆ ಆ ರಾಶಿಯಿಂದಲೇ ಆರಿಸಿಕೊಳ್ಳಲಿ, ಹೊಸದು ಬರೆಯುವಂತಿಲ್ಲ. ಹುಡುಗರು ಗೊಣಗುತ್ತಾರೆ, ಕೆಲವು ಸಹೋದ್ಯೋಗಿಗಳೂ ಗೊಣಗುತ್ತಾರೆ. ಡಿಸ್‌ಪ್ಲೇ ಅಷ್ಟು ಅಂದವಾಗಿ ಕಾಣುವುದಿಲ್ಲ ನಿಜ. ಮೊದಲ ವರ್ಷದ ಡಿಸ್‌ಪ್ಲೇ ಅಂದವಾಗಿ ಕಾಣಬೇಕಿಲ್ಲ. ಅಲ್ಲಿ ಮುಗಿದ ಚಿತ್ರ ಒಂದೂ ಇಲ್ಲದಿದ್ದರೂ ನನಗೆ ಚಿಂತೆಯಿಲ್ಲ. ಬಸ್ ಸ್ಟ್ಯಾಂಡಿನಲ್ಲಿ, ಮಾರ್ಕೆಟ್ಟಿನಲ್ಲಿ ಕೂತು ಬರೆದ ಸ್ಕೆಚ್ ಪುಸ್ತಕಗಳ ರಾಶಿ ಇರಲಿ. ಮೂಟೆ ಎತ್ತುವವನು ಎರಡನೇ ಸಲ ಅದೇ ಭಂಗಿಯಲ್ಲಿ ನಿಲ್ಲುವುದಿಲ್ಲ. ಆ ಆತುರದಲ್ಲಿ ಎಳೆದ ಒಂದು ಗೆರೆಯಲ್ಲಿ ಬೆನ್ನಿನ ಭಾರ ಬಂದಿದ್ದರೆ ಅದಕ್ಕೆ ನಾನು ಪೂರ್ತಿ ಮಾರ್ಕು ಕೊಡುತ್ತಿದ್ದೆ.

ಆಕೆ: ಮಾಡೆಲ್ ಆಗಿ ಕೂರುವವರನ್ನೂ ಮಾರ್ಕೆಟ್ಟಿನಿಂದಲೇ ಕರೆತರುತ್ತಿದ್ದಿರಿ. ನಾವು ಬೋರ್ಡು ತೆಗೆಯುವ ಮೊದಲು ಅವರಿಗೆ ನಮಸ್ಕಾರ ಹೇಳಬೇಕಿತ್ತು.

ಅವರು: ಹೊಟ್ಟೆಪಾಡಿಗೆ ಅಲುಗಾಡದೆ ಕೂರುವ ಮನುಷ್ಯ. ಅವರಿಗೆ ಎದ್ದು ಕಾಲಾಡಿಸಲು ಬಿಡುವು, ಒಂದು ಲೋಟ ಚಹಾ, ಅದೇ ದಿನ ದುಡ್ಡು. ಚಿತ್ರ ಮುಗಿದ ಮೇಲೆ ಅವರನ್ನೂ ಕರೆದು ತೋರಿಸಬೇಕು. ಇದನ್ನೂ ಮೊದಲ ವರ್ಷದಲ್ಲೇ ಕಲಿಯಬೇಕು.

ಆಕೆ: ಕೊನೆಗೆ ಒಂದು ಕೇಳುತ್ತೇನೆ. ತಂದೆ ತಾಯಿ ಬಂದೇ ಬರುತ್ತಾರೆ. ಮುಂದಿನ ವರ್ಷಕ್ಕೆ ಪೇಂಟಿಂಗ್ ತೆಗೆದುಕೊಳ್ಳಬೇಕೋ, ಅಪ್ಲೈಡ್ ಆರ್ಟೋ, ಅನಿಮೇಶನ್ನೋ, ಯಾವುದರಲ್ಲಿ ಕೆಲಸ ಸಿಗುತ್ತದೆ ಅಂತ. ಸಾಲ ಮಾಡಿ ಓದಿಸುವವರು. ಅವರಿಗೆ ಏನು ಹೇಳಲಿ?

ಅವರು: ವರ್ಷ ಮುಗಿಯುವವರೆಗೆ ಹುಡುಗನಿಗೇ ಗೊತ್ತಾಗುವುದಿಲ್ಲ ಅಂತ ಹೇಳು. ಪೇಂಟಿಂಗ್ ಅಂತ ಬಂದವನಿಗೆ ಮಣ್ಣು ಮುಟ್ಟಿದಾಗ ಕೈ ಬಿಡಲು ಮನಸ್ಸಾಗುವುದಿಲ್ಲ. ಲೈನೋ ಕೆತ್ತಿ, ಮಸಿ ಹಚ್ಚಿ, ಮೊದಲ ಪ್ರಿಂಟನ್ನು ಸುಲಿದು ತೆಗೆದಾಗ ಗ್ರಾಫಿಕ್ಸಿಗೆ ಹೋಗುತ್ತೇನೆ ಅನ್ನುವವರಿದ್ದಾರೆ. ಎಲ್ಲವನ್ನೂ ಮುಟ್ಟಲಿ ಅಂತಲೇ ಈ ವರ್ಷ ಇರುವುದು. ಮೊದಲ ತಿಂಗಳಲ್ಲೇ ಕೆಲಸದ ಮಾತು ತಂದರೆ ಕೈ ಮುಟ್ಟುವ ಮೊದಲೇ ತಲೆ ಆರಿಸಿಬಿಡುತ್ತದೆ.

ಆಕೆ: ಇಲ್ಲಿ ನಾನು ನಿಮ್ಮ ಜೊತೆ ಇಲ್ಲ ಸರ್. ಕೆಲಸದ ಚಿಂತೆ ಆ ಹುಡುಗರ ತಲೆಯಲ್ಲಿ ಮೊದಲೇ ಇದೆ, ನಾವು ತರುವುದೇನಲ್ಲ. ಮಾತಾಡದಿದ್ದರೆ ಅದು ಭಯವಾಗಿ ಉಳಿಯುತ್ತದೆ. ಭಯದಲ್ಲಿ ಚೆಂಬು ಕಾಣುವುದಿಲ್ಲ. ಸಿನಿಮಾ ಸೆಟ್ಟಿನಲ್ಲಿ ಕೆಲಸ ಮಾಡುವವರು, ಶಾಲೆಯ ಡ್ರಾಯಿಂಗ್ ಮೇಷ್ಟರು, ಪುಸ್ತಕಗಳಿಗೆ ಮುಖಪುಟ ಮಾಡುವವರು, ಬೋರ್ಡು ಬರೆಯುವವರು, ಇವರನ್ನೆಲ್ಲ ಕರೆಸುತ್ತೇನೆ. ತಿಂಗಳಿಗೆ ಎಷ್ಟು ಬರುತ್ತದೆ, ಯಾವ ತಿಂಗಳು ಬರುವುದಿಲ್ಲ, ಮೊದಲ ವರ್ಷದಲ್ಲಿ ಕಲಿತ ಯಾವುದು ಇವತ್ತಿಗೂ ಉಪಯೋಗಕ್ಕೆ ಬರುತ್ತದೆ ಅಂತ ಅವರೇ ಬಾಯಿಬಿಟ್ಟು ಹೇಳಲಿ.

ಅವರು: ಕರೆಸು. ಸಂಜೆ ಹೊತ್ತು ಕರೆಸು, ಡ್ರಾಯಿಂಗ್ ಅವಧಿ ಕೆಡಿಸಬೇಡ.

ಆಕೆ: ಸಂಜೆ ಅರ್ಧ ಜನ ಕೆಲಸಕ್ಕೆ ಹೋಗುತ್ತಾರೆ ಸರ್, ಹೋಟೆಲಿಗೆ, ಅಂಗಡಿಗೆ, ಮನೆಪಾಠಕ್ಕೆ. ಅವರಿಗೇ ಈ ಮಾತು ಹೆಚ್ಚು ಬೇಕಾಗಿರುವುದು. ಡ್ರಾಯಿಂಗ್ ಅವಧಿಯಲ್ಲೇ ಕರೆಸುತ್ತೇನೆ. ಬಂದವರು ನಮ್ಮ ಡ್ರಾಯಿಂಗ್ ಬೆಂಚು ಡಾಂಕಿಯ ಮೇಲೆ ಕೂತು ಮಾತಾಡಲಿ, ಹುಡುಗರು ಅವರ ಮುಖ ಬರೆಯುತ್ತಾ ಕೇಳಲಿ.

ಅವರು: ಅದು ಸರಿಹೋಯಿತು. ಬೋರ್ಡು ಬರೆಯುವವರು ಬರುವ ದಿನ ನನಗೂ ಹೇಳಿ ಕಳಿಸು. ಒಂದೇ ಏಟಿಗೆ ಅಷ್ಟುದ್ದದ ಅಕ್ಷರದ ಗುಂಡು ತಿರುಗಿಸುವಾಗ ಮಣಿಕಟ್ಟನ್ನು ಹೇಗಿಟ್ಟುಕೊಳ್ಳುತ್ತಾರೆ ಅಂತ ಹತ್ತಿರದಿಂದ ನೋಡಬೇಕು.